ಕಂಪನಿ ಇಲ್ಲದೆಯೂ ಕರಕುಶಲ ವಸ್ತು ವಿದೇಶಕ್ಕೆ ಮಾರಬಹುದು: ಮೊದಲ ಪಾರ್ಸೆಲ್‌ವರೆಗಿನ ದಾರಿ

ಚನ್ನಪಟ್ಟಣದ ಗೊಂಬೆಯ ಫೋಟೊ ಹಾಕಿರುತ್ತೀರಿ. ಲಂಡನ್ನಿನಿಂದಲೋ ಡಲ್ಲಾಸ್‌ನಿಂದಲೋ ಒಬ್ಬರು ಸಂದೇಶ ಕಳಿಸುತ್ತಾರೆ: "ಇದು ಇಪ್ಪತ್ತು ಸೆಟ್ ಬೇಕು, ಕಳಿಸ್ತೀರಾ?" ಖುಷಿಯಾಗುತ್ತದೆ. ಅದರ ಹಿಂದೆಯೇ ಭಯ ಬರುತ್ತದೆ. ನನ್ನ ಹತ್ತಿರ ಕಂಪನಿ ಇಲ್ಲ, ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಕಳಿಸಬಹುದಾ?

ಕಳಿಸಬಹುದು. ರಫ್ತು ಮಾಡಲು ಪ್ರೈವೇಟ್ ಲಿಮಿಟೆಡ್ ಕಂಪನಿ ಬೇಡ, ಪಾಲುದಾರಿಕೆ ಸಂಸ್ಥೆಯೂ ಬೇಡ. ನಿಮ್ಮ ಸ್ವಂತ ಹೆಸರು, ನಿಮ್ಮ ಪ್ಯಾನ್ ಕಾರ್ಡ್ ಸಾಕು. ಕಾನೂನಿನ ಕಣ್ಣಲ್ಲಿ ನೀವೇ ಒಬ್ಬ ವ್ಯಾಪಾರಿ. ಇದನ್ನು ಪ್ರೊಪ್ರೈಟರ್‌ಶಿಪ್ ಅನ್ನುತ್ತಾರೆ. ಆದರೆ ಕಂಪನಿ ಬೇಡ ಅಂದ ಮಾತ್ರಕ್ಕೆ ಕಾಗದವೇ ಬೇಡ ಅಂತಲ್ಲ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಒಂದೋ ಹೆದರಿ ಸುಮ್ಮನಾಗುತ್ತಾರೆ, ಇಲ್ಲ ಅಡ್ಡದಾರಿ ಹಿಡಿಯುತ್ತಾರೆ. ಆ ಅಡ್ಡದಾರಿಯ ಬಗ್ಗೆಯೇ ಮೊದಲು ಹೇಳಿಬಿಡುತ್ತೇನೆ.

"ಗಿಫ್ಟ್" ಅಂತ ಬರೆಯಬೇಡಿ

ನನ್ನ ಮೊದಲ ಪಾರ್ಸೆಲ್ ಬ್ರಿಟನ್ನಿಗೆ ಹೋಗಬೇಕಿತ್ತು. ಕೊರಿಯರ್ ಕೌಂಟರಿನಲ್ಲಿದ್ದವರು "ಗಿಫ್ಟ್ ಅಂತ ಬರೀರಿ ಮೇಡಂ, ಬೆಲೆ ಕಮ್ಮಿ ಹಾಕಿ, ಬೇಗ ಹೋಗುತ್ತೆ" ಅಂದರು. ನಾನು ನಂಬಿದೆ. ಒಂದೇ ಥರದ ಹನ್ನೆರಡು ಪೆಟ್ಟಿಗೆ ನೋಡಿದ ಅಲ್ಲಿನ ಕಸ್ಟಮ್ಸ್‌ನವರು ಪಾರ್ಸೆಲ್ ತಡೆದರು. ಕೊಂಡವರ ಹತ್ತಿರ ಹಣ ಕೊಟ್ಟ ದಾಖಲೆ ಕೇಳಿದರು. ಅವರು ನಿಜವಾದ ರಸೀದಿಯನ್ನೇ ಕೊಟ್ಟರು. ನಾನು ಬರೆದ ಬೆಲೆಗೂ ಅದಕ್ಕೂ ತಾಳೆಯಾಗಲಿಲ್ಲ. ಮೂರು ವಾರ ಕಳೆಯಿತು. ಕೊನೆಗೆ ಅವರಿಗೆ ಬೇಸರ ಬಂದು ಬೇಡ ಅಂದರು. ಹಣ ವಾಪಸ್ ಕೊಟ್ಟೆ, ಗೊಂಬೆಗಳೂ ಹೋದವು.

ಹಣ ಪಡೆದು ಕಳಿಸಿದ್ದು ಗಿಫ್ಟ್ ಆಗುವುದಿಲ್ಲ. ಹಾಗೆ ಬರೆದರೆ ಅದು ಸುಳ್ಳು ಘೋಷಣೆ. ಜೊತೆಗೆ ನಿಜವಾದ ಉಡುಗೊರೆಗೂ ಮಿತಿ ಇದೆ: ಬ್ರಿಟನ್ನಿಗೆ 39 ಪೌಂಡ್, ಯುರೋಪಿನ ಒಕ್ಕೂಟಕ್ಕೆ 45 ಯೂರೊ, ಅಮೆರಿಕಕ್ಕೆ 100 ಡಾಲರ್. ಅದರ ಮೇಲೆ ಹೋದರೆ ಉಡುಗೊರೆಗೂ ತೆರಿಗೆ ಬೀಳಬಹುದು. ಹಾಗಾಗಿ ಸುಳ್ಳು ಬರೆದು ಉಳಿಸುವುದೂ ಏನಿಲ್ಲ.

ಮೊದಲ ಹೆಜ್ಜೆ: ಐಇಸಿ

ಐಇಸಿ ಅಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆ. ವ್ಯಾಪಾರಕ್ಕಾಗಿ ವಸ್ತು ಹೊರಗೆ ಕಳಿಸುವ ಎಲ್ಲರಿಗೂ ಇದು ಬೇಕು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಇದನ್ನು ಕೊಡುತ್ತದೆ. ಅವರ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಶುಲ್ಕ 500 ರೂಪಾಯಿ. ಸಿಗುವ ಸಂಖ್ಯೆ ನಿಮ್ಮ ಪ್ಯಾನ್ ಸಂಖ್ಯೆಯೇ ಆಗಿರುತ್ತದೆ, ಬೇರೆ ನೆನಪಿಡಬೇಕಾಗಿಲ್ಲ.

ಅರ್ಜಿಯಲ್ಲಿ ಸಂಸ್ಥೆಯ ಬಗೆ ಕೇಳುವ ಕಡೆ "ಪ್ರೊಪ್ರೈಟರ್‌ಶಿಪ್" ಆರಿಸಿ. ಪ್ಯಾನ್, ಆಧಾರ್, ವಿಳಾಸದ ದಾಖಲೆ (ಬಾಡಿಗೆ ಮನೆಯಾದರೆ ಕರಾರು ಪತ್ರ, ಸ್ವಂತದ್ದಾದರೆ ಕರೆಂಟ್ ಬಿಲ್), ಒಂದು ರದ್ದು ಮಾಡಿದ ಚೆಕ್ ಇಟ್ಟುಕೊಳ್ಳಿ. ಹೆಸರು ಪ್ಯಾನ್‌ನಲ್ಲಿ ಇರುವ ಹಾಗೆಯೇ ಬ್ಯಾಂಕಿನಲ್ಲೂ ಇರಬೇಕು. ಒಂದರಲ್ಲಿ ತಂದೆಯ ಹೆಸರು ಸೇರಿ, ಇನ್ನೊಂದರಲ್ಲಿ ಬರೀ ಇನಿಶಿಯಲ್ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಏಜೆಂಟರಿಗೆ ಸಾವಿರಗಟ್ಟಲೆ ಕೊಡುವ ಕೆಲಸ ಇದಲ್ಲ.

ಐಇಸಿಯೂ ಬೇಡ, ಇಷ್ಟೆಲ್ಲ ಓಡಾಟ ಆಗದು ಅನ್ನುವವರಿಗೆ ಎರಡು ನೇರವಾದ ದಾರಿ ಇವೆ. ಒಂದು, ಬೇರೆಯವರಿಂದ ವಸ್ತು ಕೊಂಡು ತಾವೇ ರಫ್ತು ಮಾಡುವ ಮರ್ಚೆಂಟ್ ಎಕ್ಸ್‌ಪೋರ್ಟರ್ ಒಬ್ಬರಿಗೆ ಇಲ್ಲೇ ರೂಪಾಯಿಯಲ್ಲಿ ಮಾರುವುದು. ಎರಡು, ಬೇರೆಯವರ ಐಇಸಿ ಮೂಲಕ ಕಳಿಸುವುದು. ಇದಕ್ಕೆ ಥರ್ಡ್ ಪಾರ್ಟಿ ರಫ್ತು ಅನ್ನುತ್ತಾರೆ. ನೀತಿಯಲ್ಲಿ ಅವಕಾಶ ಇದೆ, ಆದರೆ ಕಾಗದದಲ್ಲಿ ಇಬ್ಬರ ಹೆಸರೂ ಬರಬೇಕು. ವರ್ಷಕ್ಕೆ ಒಂದೋ ಎರಡೋ ಆರ್ಡರ್ ಇದ್ದರೆ ಮೊದಲನೆಯದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಪದೇ ಪದೇ ಕೇಳುವವರು ಸಿಕ್ಕರೆ ಮಾತ್ರ ಸ್ವಂತ ಐಇಸಿ ಮಾಡಿಸಿ.

ಎರಡನೇ ಹೆಜ್ಜೆ: ಬ್ಯಾಂಕು ಮತ್ತು ಎಡಿ ಕೋಡ್

ಉಳಿತಾಯ ಖಾತೆಯಲ್ಲಿ ವ್ಯಾಪಾರ ನಡೆಸಬೇಡಿ, ಕರೆಂಟ್ ಅಕೌಂಟ್ ತೆರೆಯಿರಿ. ಪ್ರೊಪ್ರೈಟರ್ ಅಂತ ತೋರಿಸಲು ಬ್ಯಾಂಕು ದಾಖಲೆ ಕೇಳುತ್ತದೆ. ಉದ್ಯಮ್ ನೋಂದಣಿ ಇದಕ್ಕೆ ಸಹಾಯಕ್ಕೆ ಬರುತ್ತದೆ. ಅದು ಪೂರ್ತಿ ಉಚಿತ, ಆಧಾರ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ.

ಆಮೇಲೆ ಎಡಿ ಕೋಡ್ ಪತ್ರ ಕೇಳಿ. ವಿದೇಶಿ ಹಣ ನಿಭಾಯಿಸಲು ಅನುಮತಿ ಇರುವ ಬ್ಯಾಂಕು ಶಾಖೆಯ ಸಂಖ್ಯೆ ಅದು. ಊರಿನ ಸಣ್ಣ ಶಾಖೆಯಲ್ಲಿ "ಅದೇನು?" ಅನ್ನಬಹುದು. ಬೇಜಾರಾಗಬೇಡಿ. ಅದೇ ಬ್ಯಾಂಕಿನ ಫಾರೆಕ್ಸ್ ಶಾಖೆ ಎಲ್ಲಿದೆ ಅಂತ ಕೇಳಿ, ಪತ್ರ ಅಲ್ಲಿಂದ ಬರುತ್ತದೆ. ಆ ಪತ್ರವನ್ನು ಐಸ್‌ಗೇಟ್ ಅನ್ನುವ ಕಸ್ಟಮ್ಸ್ ಜಾಲತಾಣದಲ್ಲಿ, ನೀವು ಕಳಿಸುವ ಬಂದರು ಅಥವಾ ವಿಮಾನ ನಿಲ್ದಾಣಕ್ಕೆ ಸೇರಿಸಬೇಕು. ಬೆಂಗಳೂರಿನಿಂದ ಕಳಿಸಿದರೆ ಬೆಂಗಳೂರಿಗೆ, ಚೆನ್ನೈ ಬಂದರಿನಿಂದ ಕಳಿಸಿದರೆ ಚೆನ್ನೈಗೆ. ಕೊರಿಯರ್‌ನಲ್ಲಿ ಹೋಗುವುದಾದರೆ ಈ ಕೆಲಸದಲ್ಲಿ ಅವರು ಜೊತೆಗಿರುತ್ತಾರೆ.

ಮೂರನೇ ಹೆಜ್ಜೆ: ಜಿಎಸ್‌ಟಿ

ಇಲ್ಲಿ ಗೊಂದಲ ಜಾಸ್ತಿ. ರಾಜ್ಯದೊಳಗೆ ವಸ್ತು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಡ. ಕರಕುಶಲ ವಸ್ತುಗಳನ್ನು ಹೊರರಾಜ್ಯಕ್ಕೆ ಮಾರುವವರಿಗೂ ಒಂದು ಮಿತಿಯವರೆಗೆ ವಿನಾಯಿತಿ ಇದೆ. ಇದನ್ನು ಕೇಳಿ ಕೆಲವರು "ನನಗೂ ಬೇಡ" ಅಂದುಕೊಳ್ಳುತ್ತಾರೆ. ಆದರೆ ಜಿಎಸ್‌ಟಿಯಲ್ಲಿ ರಫ್ತನ್ನು ಅಂತರರಾಜ್ಯ ಮಾರಾಟ ಅಂತಲೇ ಲೆಕ್ಕ ಹಿಡಿಯುತ್ತಾರೆ. ರಫ್ತು ಮಾಡುವವರು ನೋಂದಣಿ ಮಾಡಿಸಿಕೊಳ್ಳುವುದೇ ಸರಿ. ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ, ಕಂಪನಿಯೂ ಬೇಡ, ನಿಮ್ಮ ಪ್ಯಾನ್ ಮೇಲೆಯೇ ಆಗುತ್ತದೆ.

ಮಾಡಿಸಿಕೊಂಡರೆ ಲಾಭವೂ ಇದೆ. ರಫ್ತಿಗೆ ತೆರಿಗೆ ಶೂನ್ಯ. ಎಲ್‌ಯುಟಿ ಅನ್ನುವ ಒಂದು ಮುಚ್ಚಳಿಕೆಯನ್ನು ಜಿಎಸ್‌ಟಿ ಜಾಲತಾಣದಲ್ಲೇ ಕೊಟ್ಟರೆ, ತೆರಿಗೆ ಕಟ್ಟದೆ ವಸ್ತು ಕಳಿಸಬಹುದು. ಮರ, ಬಣ್ಣ, ಪೆಟ್ಟಿಗೆಗೆ ನೀವು ಕಟ್ಟಿದ ಜಿಎಸ್‌ಟಿಯನ್ನೂ ವಾಪಸ್ ಕೇಳಬಹುದು. ಒಂದು ಎಚ್ಚರ: ವ್ಯಾಪಾರ ಇಲ್ಲದ ತಿಂಗಳಲ್ಲೂ ರಿಟರ್ನ್ ಹಾಕಬೇಕು. ಮರೆತರೆ ದಿನದ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ಈ ಒಂದು ಕೆಲಸಕ್ಕೆ ಊರಿನ ಆಡಿಟರ್ ಒಬ್ಬರನ್ನು ಹಿಡಿದುಕೊಳ್ಳುವುದು ಒಳ್ಳೆಯದು.

ಕರಕುಶಲ ರಫ್ತು ಉತ್ತೇಜನ ಮಂಡಳಿ, ಅಂದರೆ ಇಪಿಸಿಎಚ್, ಸದಸ್ಯತ್ವ ಮೊದಲ ದಿನವೇ ಬೇಕಿಲ್ಲ. ಮೇಳಗಳಿಗೆ ಹೋಗುವಾಗ, ಸವಲತ್ತು ಕೇಳುವಾಗ ಮಾಡಿಸಿದರೆ ಆಯಿತು. ನೀವೇ ಕೈಯಿಂದ ಮಾಡುವ ಕುಶಲಕರ್ಮಿಯಾದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್, ಖಂಡಿತ ಮಾಡಿಸಿ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಹೊಸ ರಫ್ತುದಾರರಿಗೆ ತರಬೇತಿ ಕೊಡುತ್ತದೆ. ಅಲ್ಲಿ ಪ್ರಶ್ನೆ ಕೇಳಲು ಹಿಂಜರಿಯಬೇಡಿ.

ನಾಲ್ಕನೇ ಹೆಜ್ಜೆ: ಯಾವ ವಸ್ತು ಹೋಗುತ್ತದೆ, ಯಾವುದು ಹೋಗುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಕಾಗದ ತಪ್ಪಿದರೆ ತಿದ್ದಬಹುದು. ವಸ್ತುವೇ ತಪ್ಪಾದರೆ ಜಪ್ತಿಯಾಗುತ್ತದೆ.

ಮರದಿಂದ ಶುರು ಮಾಡೋಣ. ಚನ್ನಪಟ್ಟಣದ ಗೊಂಬೆಗೆ ಮೂಲದಿಂದಲೂ ಬಳಸುವುದು ಆಲೆ ಮರ. ಅದು ಬಿಳಿ, ಹಗುರ, ಕಡೆಯಲು ಮೆದು. ರಫ್ತಿಗೆ ತಕರಾರು ಇಲ್ಲದ ಮರ. ಆದರೆ ಮೈಸೂರಿನ ಬೀಟೆ ಮರದ ಕೆತ್ತನೆಯ ಕೆಲಸ ಬೇರೆ. ಬೀಟೆಯ ಜಾತಿಯ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ ಅನ್ನುವ, ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಸಣ್ಣ ತೂಕದ ಸಿದ್ಧ ವಸ್ತುಗಳಿಗೆ ರಿಯಾಯಿತಿ ಇದ್ದರೂ, ಮರ ಕಾನೂನುಬದ್ಧವಾಗಿ ಬಂದದ್ದು ಅನ್ನುವ ದಾಖಲೆ ಕೈಯಲ್ಲಿರಬೇಕು. ಇಪಿಸಿಎಚ್ ಕೊಡುವ "ವೃಕ್ಷ್" ಪ್ರಮಾಣಪತ್ರ ಇರುವುದು ಇದಕ್ಕೇ. ಮರ ಕೊಂಡ ಬಿಲ್ಲನ್ನು ಎಸೆಯಬೇಡಿ.

ರಕ್ತಚಂದನದ ವಿಷಯದಲ್ಲಿ ಇನ್ನೂ ಹುಷಾರು. ದಸರಾಕ್ಕೆ ಎರಡು ತಿಂಗಳು ಇರುವಾಗ ಹೊರದೇಶದ ಕನ್ನಡಿಗರಿಂದ ಪಟ್ಟದ ಗೊಂಬೆಗೆ ಬೇಡಿಕೆ ಬರುತ್ತದೆ. ಅಜ್ಜಿಯ ಮನೆಯಲ್ಲಿದ್ದಂಥದ್ದೇ ಬೇಕು ಅನ್ನುತ್ತಾರೆ. ಆ ಹಳೆಯ ರಾಜ-ರಾಣಿ ಜೋಡಿ ಹೆಚ್ಚಾಗಿ ರಕ್ತಚಂದನದ್ದು. ಅದನ್ನು ಲೈಸನ್ಸ್ ಇಲ್ಲದೆ ಹೊರಗೆ ಕಳಿಸುವ ಹಾಗೇ ಇಲ್ಲ. ಬೇರೆ ಮರದಲ್ಲಿ ಮಾಡಿಸಿ, ಯಾವ ಮರ ಅಂತ ಬಿಲ್ಲಿನಲ್ಲೇ ಬರೆಯಿರಿ. ಕೇಳಿದವರಿಗೂ ಕಾರಣ ಹೇಳಿ, ಒಪ್ಪುತ್ತಾರೆ.

ದಂತ ಕೂಡದು. ನವಿಲುಗರಿ ಸಿಕ್ಕಿಸಿದ ವಸ್ತುವೂ ಕೂಡದು. ಶ್ರೀಕೃಷ್ಣನ ಗೊಂಬೆಯ ಕಿರೀಟದಲ್ಲಿ ಒಂದೇ ಒಂದು ನಿಜವಾದ ಗರಿ ಇದ್ದರೂ ತೆಗೆದುಬಿಡಿ. ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ಅದನ್ನು ಖಾಸಗಿಯಾಗಿ ಹೊರಗೆ ಕಳಿಸುವಂತಿಲ್ಲ. ಇಲ್ಲಿ ಬಿದ್ರಿ ಕಲೆಯ ಲೋಹದ ವಸ್ತು ಮಾರುವವರಿಗೆ ಒಂದು ವಿಶೇಷ ತೊಂದರೆ ಇದೆ. ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಹೊಸ ಹೂಜಿಯೂ ನೋಡಲು ಹಳೆಯದರಂತೆಯೇ ಇರುತ್ತದೆ. ಕಸ್ಟಮ್ಸ್‌ನವರಿಗೆ ಅನುಮಾನ ಬರುವುದು ಸಹಜ. ಯಾವ ಕುಶಲಕರ್ಮಿ, ಯಾವ ತಿಂಗಳಲ್ಲಿ ಮಾಡಿದ್ದು ಅನ್ನುವ ಬಿಲ್ ಜೊತೆಗಿಡಿ. ತೀರಾ ಹಳೆಯದಂತೆ ಕಾಣುವ ದೊಡ್ಡ ತುಂಡಾದರೆ, ಇದು ಪುರಾತನ ವಸ್ತುವಲ್ಲ ಅಂತ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪತ್ರ ಪಡೆಯಿರಿ.

ಇನ್ನು ಮಕ್ಕಳ ಆಟಿಕೆ. ಚನ್ನಪಟ್ಟಣದ ವಸ್ತು ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಅರಗಿನ ಬಣ್ಣ ಸುರಕ್ಷಿತ ಅಂತ ನಾವು ನಂಬಿದರೆ ಸಾಲದು, ಆ ದೇಶ ಪರೀಕ್ಷೆಯ ಕಾಗದ ಕೇಳುತ್ತದೆ. ಅಮೆರಿಕದಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ವಸ್ತುವಿಗೆ ಒಪ್ಪಿಗೆ ಪಡೆದ ಪ್ರಯೋಗಾಲಯದ ಪರೀಕ್ಷೆ ಮತ್ತು ಮಕ್ಕಳ ಉತ್ಪನ್ನದ ಪ್ರಮಾಣಪತ್ರ ಬೇಕು. ಯುರೋಪಿನಲ್ಲಿ ಸಿಇ ಗುರುತು, ಅಂದರೆ ಅಲ್ಲಿನ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಮುದ್ರೆ, ಬೇಕು. ಜೊತೆಗೆ 2024ರ ಡಿಸೆಂಬರ್ 13ರಿಂದ, ಅಲ್ಲಿನ ಗ್ರಾಹಕರಿಗೆ ಮಾರುವ ವಸ್ತುಗಳಿಗೆ ಒಕ್ಕೂಟದ ಒಳಗೇ ಇರುವ ಒಬ್ಬ ಜವಾಬ್ದಾರಿ ವ್ಯಕ್ತಿಯ ಹೆಸರು, ವಿಳಾಸ ಕೊಡಬೇಕು. "ಅಲಂಕಾರಕ್ಕೆ ಮಾತ್ರ" ಅಂತ ಚೀಟಿ ಅಂಟಿಸಿದರೆ ತಪ್ಪಿಸಿಕೊಳ್ಳಬಹುದು ಅಂತ ಕೆಲವರು ಹೇಳುತ್ತಾರೆ. ಬುಗುರಿ, ಗಿಲಕಿ ನೋಡಿದರೆ ಯಾರಿಗಾದರೂ ಅದು ಮಗುವಿನ ಆಟಿಕೆ ಅಂತ ಗೊತ್ತಾಗುತ್ತದೆ, ಅಲ್ವಾ? ಆ ಚೀಟಿ ನಿಲ್ಲುವುದಿಲ್ಲ. ಇದು ಬರೀ ಕಾನೂನಿನ ಮಾತೂ ಅಲ್ಲ. ಮಗು ಬಾಯಿಗೆ ಇಟ್ಟುಕೊಳ್ಳುವ ವಸ್ತು ಅದು.

ಆದ್ದರಿಂದ ಮೊದಲ ವರ್ಷ ಆಟಿಕೆ ಬಿಡಿ. ಬಳೆ, ಬಾಗಿಲ ಹಿಡಿಕೆ, ಮೇಜಿನ ಮೇಲಿಡುವ ಡಬ್ಬಿ, ದೀಪದ ಕಂಬ, ಪರದೆಯ ಗುಂಡುಗಳಿಂದ ಶುರು ಮಾಡಿ. ಅದೇ ಕೈ, ಅದೇ ಅರಗು, ಅದೇ ಬಣ್ಣ, ಪರೀಕ್ಷೆಯ ಖರ್ಚು ಮಾತ್ರ ತಪ್ಪುತ್ತದೆ. ಆಮೇಲೆ ಒಂದು ಆಟಿಕೆಗೆ ಆರ್ಡರ್ ಗಟ್ಟಿಯಾದಾಗ ಅದೊಂದನ್ನು ಪರೀಕ್ಷೆ ಮಾಡಿಸಿ.

ಐದನೇ ಹೆಜ್ಜೆ: ಎಚ್‌ಎಸ್ ಕೋಡ್ ಮತ್ತು ಬಿಲ್

ಪ್ರತಿ ವಸ್ತುವಿಗೂ ಒಂದು ಎಚ್‌ಎಸ್ ಕೋಡ್ ಇರುತ್ತದೆ. ಮೊದಲ ಆರು ಅಂಕಿ ಲೋಕಕ್ಕೆಲ್ಲ ಒಂದೇ, ನಮ್ಮಲ್ಲಿ ಎಂಟು ಅಂಕಿ ಬರೆಯುತ್ತಾರೆ. ಆಟಿಕೆ 9503ರಲ್ಲಿ ಬರುತ್ತದೆ. ಮರದ ಅಲಂಕಾರ ವಸ್ತು 4420, ಮರದ ಊಟದ ಪಾತ್ರೆ 4419, ಲೋಹದ ಮೂರ್ತಿ ಮತ್ತು ಅಲಂಕಾರ ವಸ್ತು 8306. ಆ ದೇಶದಲ್ಲಿ ಎಷ್ಟು ಸುಂಕ ಅನ್ನುವುದು ಈ ಅಂಕಿಯ ಮೇಲೆ ನಿಂತಿದೆ. ಹಾಗಾಗಿ ಬೆಲೆ ಹೇಳುವ ಮೊದಲೇ ಕೋಡ್ ನೋಡಿಕೊಳ್ಳಿ.

ಬಿಲ್ಲಿನಲ್ಲಿ "ಹ್ಯಾಂಡಿಕ್ರಾಫ್ಟ್ಸ್" ಅಂತ ಒಂದೇ ಪದ ಬರೆದು ಬಿಡಬೇಡಿ. "ಅರಗಿನ ಬಣ್ಣ ಹಾಕಿದ ಮರದ ಬಳೆ, ಆಲೆ ಮರ, ಕೈಯಿಂದ ಮಾಡಿದ್ದು, 40" ಅನ್ನುವ ಹಾಗೆ ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಐಇಸಿ, ಜಿಎಸ್‌ಟಿ ಸಂಖ್ಯೆ, ಎಲ್‌ಯುಟಿ ಸಂಖ್ಯೆ, ಡಾಲರಿನಲ್ಲಿ ಬೆಲೆ, ತೂಕ ಇರಲಿ. ಅಮೆರಿಕಕ್ಕೆ ಹೋಗುವ ವಸ್ತುವಿನ ಮೇಲೆ "ಮೇಡ್ ಇನ್ ಇಂಡಿಯಾ" ಗುರುತು ಇರಬೇಕು. ಬಟ್ಟೆಯಾದರೆ ಎಷ್ಟು ಹತ್ತಿ, ಎಷ್ಟು ಬೇರೆ ನೂಲು ಅನ್ನುವ ಲೇಬಲ್ಲೂ ಬೇಕು. ಸಂಡೂರಿನ ಕಸೂತಿಯ ಚೀಲ ಕಳಿಸುವವರು ಇದನ್ನು ಮರೆಯುವುದು ಜಾಸ್ತಿ.

ಆರನೇ ಹೆಜ್ಜೆ: ಸುಂಕ ಯಾರು ಕಟ್ಟಬೇಕು, ಮೊದಲೇ ಮಾತಾಡಿ

ಮೊದಲು ಅಮೆರಿಕಕ್ಕೆ 800 ಡಾಲರಿನ ಒಳಗಿನ ಪಾರ್ಸೆಲ್ ಸುಂಕವಿಲ್ಲದೆ ಹೋಗುತ್ತಿತ್ತು. ಸಣ್ಣ ಮಾರಾಟಗಾರರು ಬದುಕುತ್ತಿದ್ದದ್ದೇ ಅದರ ಮೇಲೆ. 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ನಿಂತಿತು. ಅಲ್ಲಿಂದೀಚೆಗೆ ದರಗಳೂ ಬದಲಾಗುತ್ತಲೇ ಇವೆ. ಹಳೆಯ ವಿಡಿಯೊ ನೋಡಿ ಬೆಲೆ ಹೇಳಬೇಡಿ. ಪಾರ್ಸೆಲ್ ಕಟ್ಟುವ ವಾರದ ದರವನ್ನು ಕೊರಿಯರ್‌ನವರ ಹತ್ತಿರ ಬರಹದಲ್ಲಿ ಕೇಳಿ. ಯುರೋಪಿನ ಒಕ್ಕೂಟದಲ್ಲಿ 2021ರ ಜುಲೈಯಿಂದ ಎಷ್ಟು ಸಣ್ಣ ಪಾರ್ಸೆಲ್ ಆದರೂ ವ್ಯಾಟ್ ಇದೆ.

ಕೊಂಡವರಿಗೆ ಎರಡು ಬೆಲೆ ಹೇಳಿ: ಸುಂಕ ನೀವೇ ಕಟ್ಟಿಕೊಂಡರೆ ಇಷ್ಟು, ನಾನೇ ಕಟ್ಟಿ ಮನೆ ಬಾಗಿಲಿಗೆ ತಲುಪಿಸಿದರೆ ಇಷ್ಟು. ಮೊದಲನೆಯದನ್ನು ಡಿಎಪಿ, ಎರಡನೆಯದನ್ನು ಡಿಡಿಪಿ ಅನ್ನುತ್ತಾರೆ. ಅವರು ಒಪ್ಪಿದ ಸಂದೇಶವನ್ನು ಉಳಿಸಿಕೊಳ್ಳಿ. ಬಾಗಿಲಿಗೆ ಬಂದ ಕೊರಿಯರ್ ಹುಡುಗ ಇದ್ದಕ್ಕಿದ್ದಂತೆ ಹಣ ಕೇಳಿದರೆ ಎಂಥ ಒಳ್ಳೆಯ ಗ್ರಾಹಕರಿಗೂ ಸಿಟ್ಟು ಬರುತ್ತದೆ.

ಏಳನೇ ಹೆಜ್ಜೆ: ಅಂಚೆಯೋ ಕೊರಿಯರ್ರೋ

ಸಣ್ಣವರಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ನಿಜಕ್ಕೂ ಒಳ್ಳೆಯ ವ್ಯವಸ್ಥೆ. 2022ರಲ್ಲಿ ಶುರುವಾಯಿತು. ಅದರ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಅನ್ನುವ ಕಸ್ಟಮ್ಸ್ ಕಾಗದವನ್ನು ಮನೆಯಲ್ಲೇ ತುಂಬಿ, ಪಾರ್ಸೆಲ್ಲನ್ನು ಹತ್ತಿರದ ಕೇಂದ್ರಕ್ಕೆ ಕೊಟ್ಟರೆ ಕಸ್ಟಮ್ಸ್‌ಗೆ ನೀವು ಓಡಾಡಬೇಕಿಲ್ಲ. ದಿನ ಹೆಚ್ಚು ಹಿಡಿಯುತ್ತದೆ, ಖರ್ಚು ಕಮ್ಮಿ.

ಕೊರಿಯರ್ ಆದರೆ ಒಂದೇ ಪ್ರಶ್ನೆ ಕೇಳಿ: "ಇದು ಸಿಎಸ್‌ಬಿ-5ರಲ್ಲಿ ಹೋಗುತ್ತದಾ?" ಸಿಎಸ್‌ಬಿ-5 ಅಂದರೆ ವ್ಯಾಪಾರದ ಸರಕಿನ ಕಾಗದ. 2023ರ ವಿದೇಶಿ ವ್ಯಾಪಾರ ನೀತಿ ಈ ದಾರಿಯ ಮಿತಿಯನ್ನು ಪಾರ್ಸೆಲ್ಲಿಗೆ 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತ್ತು, ಈಗಿನ ಮಿತಿಯನ್ನು ಕೊರಿಯರ್‌ನವರ ಹತ್ತಿರ ಕೇಳಿಕೊಳ್ಳಿ. ನಿಮಗೆ ತಿಳಿಸದೆ ಸ್ಯಾಂಪಲ್ ಅಂತ ಕಳಿಸಿಬಿಟ್ಟರೆ, ನಾಳೆ ಬಂದ ಹಣಕ್ಕೆ ರಫ್ತಿನ ದಾಖಲೆಯೇ ಇರುವುದಿಲ್ಲ.

ತೂಕದ ಲೆಕ್ಕವೂ ಗೊತ್ತಿರಲಿ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 30, 30ರ ಪೆಟ್ಟಿಗೆ ಅಂದರೆ 7.2 ಕೆಜಿ. ಒಳಗಿನ ಗೊಂಬೆಗಳು ಮೂರೇ ಕೆಜಿ ಇದ್ದರೂ 7.2ಕ್ಕೇ ಹಣ. ಮೊದಲು ಪೆಟ್ಟಿಗೆ ಅಳೆದು ಆಮೇಲೆ ಬೆಲೆ ಹೇಳಿ.

ಕಟ್ಟುವಾಗ ಹುಲ್ಲು ಬಳಸಬೇಡಿ. ನಮ್ಮಲ್ಲಿ ಅಭ್ಯಾಸ, ಆದರೆ ಹೊರಗೆ ಕೀಟದ ಭಯದಿಂದ ತಡೆಯುತ್ತಾರೆ. ಮರದ ಪೆಟ್ಟಿಗೆಯಾದರೆ ಶಾಖ ಕೊಟ್ಟು ಸಂಸ್ಕರಿಸಿದ ಮುದ್ರೆ ಇರಬೇಕು. ಸಣ್ಣ ಪಾರ್ಸೆಲ್ಲಿಗೆ ಗಟ್ಟಿ ರಟ್ಟೇ ಸಾಕು. ಅರಗು ಬಿಸಿಗೆ ಮೆದುವಾಗುತ್ತದೆ. ಎರಡು ಗೊಂಬೆ ತಾಗಿಕೊಂಡಿದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ಅಂಟುತ್ತದೆ. ಒಂದೊಂದನ್ನೂ ತೆಳು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡ. ಮರ ಪೂರ್ತಿ ಒಣಗಿರಬೇಕು. ಮಳೆಗಾಲದಲ್ಲಿ ಕಡೆದ ಹಸಿ ಮರ ಚಳಿ ದೇಶದ ಹೀಟರ್ ಮನೆಯಲ್ಲಿ ಬಿರುಕು ಬಿಡುತ್ತದೆ.

ಎಂಟನೇ ಹೆಜ್ಜೆ: ಹಣ ಸರಿಯಾದ ದಾರಿಯಲ್ಲಿ ಬರಲಿ

ಹೊಸ ಗ್ರಾಹಕರಾದರೆ ಪೂರ್ತಿ ಹಣ ಮುಂಗಡ ಕೇಳಿ. ಸಂಕೋಚ ಬೇಡ. ದೊಡ್ಡ ಆರ್ಡರ್ ಆದರೆ ಅರ್ಧ ಮೊದಲು, ಉಳಿದದ್ದು ಕಳಿಸುವ ಮುಂಚೆ.

"ಅಮೆರಿಕದಲ್ಲಿರೋ ನಿಮ್ಮ ಅಣ್ಣನ ಖಾತೆಗೆ ಹಾಕ್ತೀನಿ, ಅವರು ನಿಮಗೆ ಕಳಿಸಲಿ" ಅಂತ ಕೆಲವರು ಹೇಳುತ್ತಾರೆ. ಒಪ್ಪಬೇಡಿ. ಅದು ಮನೆಯವರು ಕಳಿಸಿದ ಹಣ ಅಂತ ದಾಖಲಾಗುತ್ತದೆಯೇ ಹೊರತು ರಫ್ತಿನ ಹಣ ಅಂತ ಅಲ್ಲ. ಕಸ್ಟಮ್ಸ್ ದಾಖಲೆಯಲ್ಲಿ ನಿಮ್ಮ ಸರಕು ಹೋದದ್ದು ಇರುತ್ತದೆ, ಬ್ಯಾಂಕಿನ ದಾಖಲೆಯಲ್ಲಿ ಹಣ ಬಂದದ್ದು ಇರುವುದಿಲ್ಲ. ಆಗ ಬ್ಯಾಂಕು ನಿಮ್ಮನ್ನೇ ಕೇಳುತ್ತದೆ.

ಹಣ ನೇರವಾಗಿ ನಿಮ್ಮ ಕರೆಂಟ್ ಅಕೌಂಟಿಗೆ, ಅಥವಾ ರಫ್ತಿನ ಹಣ ನಿಭಾಯಿಸುವ ಪಾವತಿ ಸಂಸ್ಥೆಯ ಮೂಲಕ ಬರಲಿ. ಹಣ ಯಾತಕ್ಕೆ ಬಂತು ಅಂತ ತೋರಿಸುವ ಪರ್ಪಸ್ ಕೋಡನ್ನು ಬ್ಯಾಂಕು ಕೇಳುತ್ತದೆ. ಮುಂಗಡವಾದರೆ ಪಿ0103. ಬಂದ ಪ್ರತಿ ಮೊತ್ತಕ್ಕೂ ವಿದೇಶಿ ಹಣ ಸ್ವೀಕಾರದ ಪತ್ರ ತೆಗೆದುಕೊಳ್ಳಿ. ಹಣ ಆಮೇಲೆ ಕೊಡಲಿ ಅಂತ ಸರಕನ್ನು ಸಾಲವಾಗಿ ಕಳಿಸಿದರೆ, 2025ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಬದಲಾವಣೆಯಂತೆ, 15 ತಿಂಗಳ ಒಳಗೆ ಹಣ ಭಾರತಕ್ಕೆ ಬರಬೇಕು. ಆದರೆ ಕುಶಲಕರ್ಮಿಗೆ ಕೂಲಿ ಕೊಡಬೇಕಾದದ್ದು ಈ ಶನಿವಾರ. ಅದಕ್ಕೇ ಮುಂಗಡ ಅಂದೆ.

ಪಾರ್ಸೆಲ್ ಹೋದ ಮೇಲೆ

ಪ್ರತಿ ಆರ್ಡರಿಗೂ ಒಂದು ಫೈಲ್ ಇಡಿ. ಬಿಲ್, ಕಸ್ಟಮ್ಸ್ ಕಾಗದ, ಟ್ರ್ಯಾಕಿಂಗ್ ಸಂಖ್ಯೆ, ಹಣ ಬಂದ ಪತ್ರ, ಮರ ಅಥವಾ ಬಟ್ಟೆ ಕೊಂಡ ರಸೀದಿ, ಎಲ್ಲ ಒಟ್ಟಿಗೆ. ಹಣ ಬಂದ ಮೇಲೆ ಡಿಜಿಎಫ್‌ಟಿ ಜಾಲತಾಣದಲ್ಲಿ ಇ-ಬಿಆರ್‌ಸಿ, ಅಂದರೆ ರಫ್ತಿನ ಹಣ ಬ್ಯಾಂಕಿಗೆ ಬಂತು ಅನ್ನುವ ಪ್ರಮಾಣಪತ್ರ, ಮಾಡಿಕೊಳ್ಳಿ. ಈಗ ಅದನ್ನು ರಫ್ತುದಾರರೇ ಮಾಡಬಹುದು. ಜಿಎಸ್‌ಟಿ ವಾಪಸ್ ಕೇಳುವಾಗ, ಆದಾಯ ತೆರಿಗೆ ಲೆಕ್ಕ ಕೊಡುವಾಗ ಈ ಫೈಲೇ ಆಧಾರ.

ವರ್ಷಕ್ಕೊಮ್ಮೆ ಮಾಡುವ ಕೆಲಸ ಎರಡಿವೆ. ಎಲ್‌ಯುಟಿ ಒಂದು ಆರ್ಥಿಕ ವರ್ಷಕ್ಕೆ ಮಾತ್ರ, ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಐಇಸಿಯ ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಜಾಲತಾಣದಲ್ಲಿ ಖಚಿತಪಡಿಸಬೇಕು. ಏನೂ ಬದಲಾಗದಿದ್ದರೂ ಮಾಡಬೇಕು, ಆ ಮೂರು ತಿಂಗಳಲ್ಲಿ ಮಾಡಿದರೆ ಶುಲ್ಕವಿಲ್ಲ. ಬಿಟ್ಟರೆ ಐಇಸಿ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ದಸರಾ ಆರ್ಡರಿನ ಪಾರ್ಸೆಲ್ ಕೌಂಟರಿನ ಮೇಲಿಟ್ಟಾಗ. ಏಪ್ರಿಲ್ ಮೊದಲ ವಾರ ಒಂದು ಸಂಜೆ ಕೂತು ಎರಡನ್ನೂ ಒಟ್ಟಿಗೆ ಮುಗಿಸಿಬಿಡಿ.